ಓಣಿಯವರು ಮತ್ತು ಮಾಲೀಕರು

ಸುರಪುರದ ನನ್ನ ತವರಿನ ಓಣಿಯಲ್ಲೂ ಒಂದು ಸಂಘವಿತ್ತೆಂದು ನನಗೆ ಹೊಳೆದದ್ದು ಯಾದಗಿರಿಯ ಲೇಔಟಿಗೆ ಬಂದ ಮೇಲೆಯೇ. ಅದಕ್ಕೆ ಹೆಸರಿರಲಿಲ್ಲ, ರಸೀದಿ ಪುಸ್ತಕವಿರಲಿಲ್ಲ, ಅಧ್ಯಕ್ಷರಂತೂ ಇರಲೇ ಇಲ್ಲ. ಹನುಮಪ್ಪನ ಗುಡಿಯ ಕಟ್ಟೆಯೇ ಕಚೇರಿ. ಗಣಪತಿಗೆ ಪಟ್ಟಿ ಎತ್ತುವುದು, ಮೊಹರಮ್ಮಿಗೆ ಅಲಾಯಿ ಕುಣಿ ತೋಡಿಸುವುದು, ನಳಕ್ಕೆ ಯಾರು ಮೊದಲು ಕೊಡ ಹಚ್ಚಬೇಕೆಂಬ ಜಗಳ ಬಗೆಹರಿಸುವುದು, ಎಲ್ಲ ಅಲ್ಲಿಯೇ. ಮೂಲೆಮನೆ ಅಜ್ಜಿಯ ಮಾತೇ ಕೊನೆಯ ಮಾತು. ಆಕೆ ಇದ್ದದ್ದು ಬಾಡಿಗೆ ಮನೆಯಲ್ಲಿ. ಆಕೆಗೆ ಆ ಅಧಿಕಾರ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಓಣಿಯಲ್ಲಿ ಇದ್ದಾಳೆ, ಅಷ್ಟೇ ಸಾಕಾಗಿತ್ತು.

ಮದುವೆಯಾಗಿ ಶಹಾಪುರಕ್ಕೆ ಹೋದೆ. ಬುದ್ಧ ಮಲಗಿದಂತೆ ಕಾಣುವ ಆ ಗುಡ್ಡದ ಊರಿನಲ್ಲಿ ನಾವೂ ಬಾಡಿಗೆಯವರೇ. ಒಂದು ಮಳೆಗಾಲ ಚರಂಡಿ ಕಟ್ಟಿ ನೀರು ಅಡಿಗೆಮನೆಗೆ ನುಗ್ಗಿದಾಗ ಓಣಿಯ ಹೆಂಗಸರೆಲ್ಲ ಸೇರಿ ಪುರಸಭೆಯ ಬಾಗಿಲಿಗೆ ಹೋದೆವು. ಮಾಲೀಕಳೋ ಬಾಡಿಗೆಯವಳೋ ಎಂದು ನಮ್ಮೊಳಗೆ ಯಾರೂ ಯಾರನ್ನೂ ವಿಚಾರಿಸಲಿಲ್ಲ.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಆಮೇಲೆ ಇಲ್ಲಿ ನಮ್ಮವರ ನೌಕರಿ, ಸೈಟು, ಸಾಲ, ಮನೆ. ಮನೆಯ ಹಿಂದೆಯೇ ಬಂತು ಮನೆ ಮಾಲೀಕರ ಸಂಘ. ತಿಂಗಳಿಗೆ ಇಷ್ಟೆಂದು ವಂತಿಗೆ, ಅಚ್ಚು ಹಾಕಿಸಿದ ರಸೀದಿ, ರಬ್ಬರ್ ಮುದ್ರೆ. ಮೊದಮೊದಲು ನನಗೆ ಇದೆಲ್ಲ ಬಹಳ ಹಿಡಿಸಿತ್ತು, ಸುಳ್ಳೇಕೆ ಹೇಳಲಿ!

ಒಂದು ಭಾನುವಾರ ಬೋರ್‌ವೆಲ್ ನೀರು ಬಿಡುವ ಹೊತ್ತಿನ ಬಗ್ಗೆ ಸಭೆ. ನಮ್ಮವರು ಊರಲ್ಲಿರಲಿಲ್ಲ, ನಾನು ಹೋದೆ. ಕಾರ್ಯದರ್ಶಿಗಳು ಬಹಳ ಮರ್ಯಾದೆಯಿಂದ ಕುರ್ಚಿ ಹಾಕಿಸಿ, "ಸಾಹೇಬ್ರು ಬರಲಿಲ್ಲೇನ್ರಿ ಅಕ್ಕಾರ? ನೀವು ಕುಂದರ್ರಿ, ಕೇಳ್ರಿ. ಆದ್ರ ಓಟು ಮಾಲೀಕರದಷ್ಟ ಐತ್ರಿ" ಎಂದರು. ಖರೀದಿ ಪತ್ರದಲ್ಲಿ ನನ್ನ ಹೆಸರಿಲ್ಲ. ನನ್ನ ಬಳೆ ಮಾರಿದ ದುಡ್ಡು ಅದರಲ್ಲಿದೆ, ಹೆಸರಿಲ್ಲ. ನೀರು ಬಿಡುವ ಹೊತ್ತು ಬೆಳಿಗ್ಗೆ ಒಂಬತ್ತೂವರೆ ಎಂದು ಗಂಡಸರೇ ಕೈಯೆತ್ತಿ ಗೊತ್ತು ಮಾಡಿದರು. ಮೂಲೆಮನೆಯ ಬಾಡಿಗೆಯ ಟೀಚರಮ್ಮ ಎಂಟಕ್ಕೇ ಶಾಲೆಗೆ ಹೊರಡುವವಳು. ವಂತಿಗೆ ತಪ್ಪದೆ ಕೊಡುತ್ತಾಳೆ. ಆಕೆಗೆ ಕುರ್ಚಿಯೂ ಇರಲಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ತಂಗಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. ಅವಳು ನಕ್ಕಳು. ಅಂಥ ಮನೆಗಳಿಗೆಂದೇ 1972ರ ಕಾಯ್ದೆ ಬಂತು. ಫ್ಲಾಟಿನ ಮಾಲೀಕರೇ ಸಂಘ, ಕಟ್ಟದ ವಂತಿಗೆ ಫ್ಲಾಟಿನ ಮೇಲೆಯೇ ಋಣವಾಗಿ ಕೂರುತ್ತದೆ ಎಂದು ಅದರಲ್ಲೇ ಬರೆದಿಟ್ಟರು. ಲಿಫ್ಟು, ಮೆಟ್ಟಿಲು, ಮಾಳಿಗೆ ಎಲ್ಲರ ಪಾಲಿನದು, ಹಾಗಾಗಿ ಆ ಬಿಗಿ ಬೇಕೇ ಬೇಕು. ಆದರೆ ನಮ್ಮಂಥ ಬಿಡಿ ಮನೆಗಳ ಸಂಘ ನೋಂದಣಿಯಾದದ್ದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ. ಅದಕ್ಕೆ ಬೇಕಾದದ್ದು ಏಳು ಜನ ವಯಸ್ಕರು. ಮಾಲೀಕರೇ ಆಗಿರಬೇಕೆಂದು ಆ ಕಾಯ್ದೆ ಕೇಳುವುದಿಲ್ಲ. ಅದನ್ನು ಬರೆದುಕೊಂಡದ್ದು ನಾವೇ, ಅಂದರೆ ನಮ್ಮ ಸಾಹೇಬರುಗಳೇ. ನಗರಸಭೆಯ ಚುನಾವಣೆಯಲ್ಲಿ ಟೀಚರಮ್ಮನ ಓಟೂ ನಮ್ಮವರ ಓಟೂ ಒಂದೇ ತೂಕ. ಬೋರ್‌ವೆಲ್ಲಿಗೆ ಮಾತ್ರ ಬೇರೆ ತಕ್ಕಡಿ!

ಹಾಗೆಂದು ಹಳೆಯ ಓಣಿಯನ್ನು ಹೊಗಳುತ್ತ ಕೂರಲಾರೆ. ಬೀದಿದೀಪಕ್ಕೆಂದು ಎತ್ತಿದ ಪಟ್ಟಿಯ ಲೆಕ್ಕ ಕೇಳಿದರೆ ಅಲ್ಲಿ ಉತ್ತರವಿರಲಿಲ್ಲ. ಇಲ್ಲಿ ಪೈಸೆ ಪೈಸೆಗೆ ಲೆಕ್ಕವಿದೆ. ಇನ್ನೊಂದು ಮಾತು. ಆ ಕಟ್ಟೆಯ ಮೇಲೆ ಎಲ್ಲರೂ ಕೂತಿರಲಿಲ್ಲ. ಕೆಲವರು ಕೆಳಗೆ ನಿಂತೇ ಮಾತಾಡಿ ಹೋಗುತ್ತಿದ್ದರು. ಆಗ ನಾನು ಅದನ್ನು ನೋಡಿಯೂ ನೋಡಲಿಲ್ಲ. ಕುರ್ಚಿಯ ಮೇಲೆ ಸುಮ್ಮನೆ ಕೂತು ಬಂದ ಆ ಭಾನುವಾರ ಅವರೆಲ್ಲ ನೆನಪಾದರು.

ಮನೆಪತ್ರಕ್ಕೆ ನನ್ನ ಹೆಸರೂ ಸೇರಿಸೋಣವೆಂದರೆ ನಮ್ಮವರು, "ಈಗ್ಯಾಕ? ಎಲ್ಲಾ ನಿಂದ ಅಲ್ಲೇನು?" ಎಂದರು. ಆ ಮಾತು ಇನ್ನೂ ಮುಗಿದಿಲ್ಲ. ಅಷ್ಟರೊಳಗೆ ಒಂದು ಅರ್ಜಿ ಬರೆದೆ. ಲೇಔಟಿನಲ್ಲಿ ವಾಸವಿರುವ ಹದಿನೆಂಟು ತುಂಬಿದವರೆಲ್ಲ ಸದಸ್ಯರಾಗುವಂತೆ ನಿಯಮ ತಿದ್ದಬೇಕು, ನೀರು ಆರೂವರೆಗೆ ಬಿಡಬೇಕು. ಮೊದಲ ಸಹಿ ಟೀಚರಮ್ಮನದು. ಕಾರ್ಯದರ್ಶಿಗಳು ಕನ್ನಡಕ ಏರಿಸಿ ಸಹಿಗಳನ್ನು ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಏಳು ಅದಾವಲ್ರಿ ಅಕ್ಕಾರ" ಎಂದರು.

"ಹೌದ್ರಿ, ಏಳ ಅದಾವ" ಎಂದೆ.