ಲಿಸಿಯಾದ ಕರಾವಳಿಯಲ್ಲಿ ಒಂಟಿ ಪಯಣ

ಮೆಡಿಟರೇನಿಯನ್ ಸಮುದ್ರ ಎಂದೊಡನೆ ನಮಗೆ ನೆನಪಾಗುವುದು ಗ್ರೀಸ್, ಇಟಲಿ, ಈಜಿಪ್ಟ್. ಆದರೆ ಟರ್ಕಿಯ ದಕ್ಷಿಣದಲ್ಲಿ, ಬೆಟ್ಟಗಳು ನೇರವಾಗಿ ಕಡಲಿಗಿಳಿಯುವ ಒಂದು ಹಳೆಯ ನಾಡಿದೆ. ಅದರ ಪುರಾತನ ಹೆಸರು ಲಿಸಿಯಾ. ಬೆನ್ನ ಮೇಲೊಂದು ಚೀಲ, ಕೈಯಲ್ಲಿ ಲೆಕ್ಕದ ಹಣ, ಜೊತೆಗೆ ಯಾರೂ ಇಲ್ಲ. ಹೀಗೆ ಹೊರಡಬಯಸುವ ನಮ್ಮ ತರುಣ ತರುಣಿಯರಿಗೆ ಹೇಳಿ ಮಾಡಿಸಿದಂಥ ದಾರಿಯಿದು. ಫೆಥಿಯೆ ಪಟ್ಟಣದಿಂದ ಕಾಶ್‌ವರೆಗಿನ ಸುಮಾರು 110 ಕಿಲೋಮೀಟರ್‌ಗಳನ್ನು ನಾನು ಒಬ್ಬಳೇ, ಅಲ್ಲಲ್ಲಿ ತಂಗುತ್ತ, ಆರು ದಿನಗಳಲ್ಲಿ ಮುಗಿಸಿದೆ.

ಮೊದಲು ಖರ್ಚಿನ ಮಾತು. ಓಡಾಟಕ್ಕೆ ‘ದೋಲ್ಮುಶ್’ ಎಂಬ ಸಣ್ಣ ವ್ಯಾನುಗಳಿವೆ. ಆ ಪದದ ಅರ್ಥವೇ ‘ತುಂಬಿದ್ದು’. ನಮ್ಮ ಶೇರ್ ಟ್ಯಾಕ್ಸಿಯ ಹತ್ತಿರದ ಬಂಧು. ದಾರಿಯಲ್ಲಿ ಕೈ ತೋರಿಸಿದರೆ ನಿಲ್ಲುತ್ತದೆ. ತಂಗಲು ಮನೆಯವರೇ ನಡೆಸುವ ‘ಪಾನ್ಸಿಯೋನ್’ ಎಂಬ ವಸತಿಗಳಿವೆ. ಸಾಮಾನ್ಯವಾಗಿ ಬಾಡಿಗೆಯಲ್ಲೇ ಬೆಳಗಿನ ತಿಂಡಿ ಸೇರಿರುತ್ತದೆ: ಬ್ರೆಡ್ಡು, ಚೀಸ್, ಆಲಿವ್ ಕಾಯಿ, ಟೊಮೆಟೊ, ಸೌತೆಕಾಯಿ, ಜೇನುತುಪ್ಪ, ಸಣ್ಣ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ. ಸಸ್ಯಾಹಾರಿಗಳು ‘ಎತ್ಸಿಜ್’, ಅಂದರೆ ‘ಮಾಂಸವಿಲ್ಲದ್ದು’ ಎಂಬ ಒಂದು ಮಾತನ್ನು ಕಲಿತರೆ ಸಾಕು. ಪಾಲಕ್ ಇಲ್ಲವೆ ಚೀಸ್ ತುಂಬಿ ಕಾವಲಿಯ ಮೇಲೆ ಬೇಯಿಸುವ ‘ಗೋಜ್ಲೆಮೆ’ ಎಂಬ ತೆಳು ರೊಟ್ಟಿ ಮಧ್ಯಾಹ್ನಕ್ಕೆ ಧಾರಾಳ. ಅಲ್ಲಿ ಹಣದುಬ್ಬರ ವಿಪರೀತವಾದ್ದರಿಂದ ದರಗಳನ್ನು ಇಲ್ಲಿ ಬರೆಯುವುದಿಲ್ಲ. ಹೊರಡುವ ಮುನ್ನ ದರ, ವೀಸಾ ನಿಯಮ ಎರಡನ್ನೂ ವಿಚಾರಿಸಿಕೊಳ್ಳಿ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. ನಡೆಯಬಲ್ಲವರಿಗೆ 1999ರಲ್ಲಿ ತೆರೆದ ‘ಲಿಸಿಯನ್ ವೇ’ ಎಂಬ 500 ಕಿಲೋಮೀಟರಿಗೂ ಮಿಕ್ಕಿದ ಕಾಲುದಾರಿಯಿದೆ. ಬಂಡೆಗಳ ಮೇಲೆ ಬಳಿದ ಕೆಂಪು-ಬಿಳಿ ಪಟ್ಟಿಗಳೇ ಅದರ ಗುರುತು.

ಭಾಷೆ ಬಾರದಲ್ಲ ಎಂಬ ಅಳುಕು ಬೇಡ. ನಿಮಗೆ ಕನ್ನಡ ಬರುತ್ತದಷ್ಟೆ? ತುರ್ಕಿ ಭಾಷೆಗೂ ಕನ್ನಡಕ್ಕೂ ನಂಟಿಲ್ಲ. ಆದರೂ ಮನೆಗೆ ಅಲ್ಲಿ ‘ಎವ್’ ಎನ್ನುತ್ತಾರೆ. ‘ಎವ್ದೆ’ ಎಂದರೆ ಮನೆಯಲ್ಲಿ, ‘ಎವ್ದೆನ್’ ಎಂದರೆ ಮನೆಯಿಂದ, ‘ಎವ್‌ಲೆರ್‌ದೆ’ ಎಂದರೆ ಮನೆಗಳಲ್ಲಿ. ನಮ್ಮಂತೆಯೇ ಪದದ ಬಾಲಕ್ಕೆ ಪ್ರತ್ಯಯ, ವಾಕ್ಯದ ಕೊನೆಗೆ ಕ್ರಿಯಾಪದ. ಅಪ್ಪನ ಅಕ್ಕತಂಗಿಯರು ‘ಹಾಲಾ’, ಅಮ್ಮನ ಅಕ್ಕತಂಗಿಯರು ‘ತೆಯ್‌ಜೆ’. ಎಲ್ಲರೂ ‘ಆಂಟಿ’ ಅಲ್ಲ! ನಾನು ತಂಗಿದ್ದ ಮನೆಯ ವೃದ್ಧೆಯನ್ನು ‘ತೆಯ್‌ಜೆ’ ಎಂದು ಕರೆದದ್ದೇ ತಡ, ತಟ್ಟೆಗೆ ಇನ್ನೊಂದು ಗೋಜ್ಲೆಮೆ ಬಂದು ಬಿತ್ತು.

ಇನ್ನು ನೋಡಬೇಕಾದ ಜಾಗಗಳು. ಫೆಥಿಯೆಯ ನೆತ್ತಿಯ ಮೇಲೆ ಬಂಡೆಯಲ್ಲಿ ಕೊರೆದ, ಗುಡಿಯಂತೆ ಕಾಣುವ ಗೋರಿಗಳಿವೆ. ಅಲ್ಲಿಂದ ಮುಂದೆ ಕ್ಸಾಂಥೋಸ್ ಎಂಬ ಪಾಳುನಗರ. ಪರ್ಷಿಯನ್ನರ ಸೈನ್ಯ ಕ್ರಿ.ಪೂ. 540ರ ಸುಮಾರಿಗೆ ಇದನ್ನು ಮುತ್ತಿದಾಗ ಊರ ಗಂಡಸರು ಹೆಂಡಿರು ಮಕ್ಕಳನ್ನು ಕೋಟೆಯೊಳಗೆ ಸೇರಿಸಿ, ತಾವೇ ಬೆಂಕಿಯಿಟ್ಟು, ಕೊನೆಯವನವರೆಗೂ ಹೋರಾಡಿ ಸತ್ತರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಉಳಿದದ್ದು ಆಗ ಊರ ಹೊರಗಿದ್ದ 80 ಕುಟುಂಬಗಳು ಮಾತ್ರ. ಅವರೂ ಹೊಸದಾಗಿ ಬಂದು ನೆಲೆಸಿದವರೂ ಸೇರಿ ಊರು ಮತ್ತೆ ಎದ್ದಿತು.

ಲಿಸಿಯನ್ನರು ತಂದೆಯ ಹೆಸರಿನಿಂದಲ್ಲ, ತಾಯಿಯ ಹೆಸರಿನಿಂದ ಗುರುತು ಹೇಳಿಕೊಳ್ಳುತ್ತಿದ್ದರೆಂದೂ ಆತ ಬರೆದಿದ್ದಾನೆ. ಅಳಿಯಸಂತಾನ ಕಂಡ ತುಳುನಾಡಿನ ಮನೆತನಗಳವರಿಗೆ ಇದು ಅಚ್ಚರಿಯೆನಿಸದು. ಆದರೆ ಅವರ ಶಾಸನಗಳಲ್ಲಿ ತಂದೆಯ ಹೆಸರೂ ಧಾರಾಳವಾಗಿ ಸಿಗುತ್ತದೆ.

ಕ್ಸಾಂಥೋಸ್‌ನಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಲೆಟೂನ್ ಕ್ಷೇತ್ರ. ಎರಡೂ 1988ರಿಂದ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿವೆ. ದಾಹಗೊಂಡು ಬಂದ ದೇವಿ ಲೆಟೋಗೆ ನೀರು ಕೊಡದ ಹಳ್ಳಿಗರು ಕಪ್ಪೆಗಳಾದರೆಂದು ಕಥೆ. ಅಂತರ್ಜಲ ಉಕ್ಕಿ ಅರ್ಧ ಮುಳುಗಿದ ಗುಡಿಗಳ ನಡುವೆ ಇಂದಿಗೂ ಕಪ್ಪೆಗಳು ವಟಗುಟ್ಟುತ್ತವೆ. ಇಲ್ಲೇ 1973ರಲ್ಲಿ ಒಂದು ಶಾಸನ ಸಿಕ್ಕಿತು. ಒಂದೇ ವಿಷಯವನ್ನು ಲಿಸಿಯನ್, ಗ್ರೀಕ್, ಅರಮಾಯಿಕ್ ಎಂಬ ಮೂರು ಭಾಷೆಗಳಲ್ಲಿ ಕೆತ್ತಿದ ಕಲ್ಲು ಅದು. ಈಗ ಫೆಥಿಯೆಯ ವಸ್ತುಸಂಗ್ರಹಾಲಯದಲ್ಲಿದೆ. ದಾರಿ ಹಿಡಿಯುವ ಮೊದಲೇ ನೋಡಿ.

ಆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದು ಪ್ರಶ್ನೆ ಏಳುತ್ತದೆ. ಲಿಸಿಯನ್ನರಿಗೆ ಸ್ವಂತ ಲಿಪಿಯಿತ್ತು. ಕ್ಸಾಂಥೋಸ್‌ನ ಒಂದೇ ಕಂಬದ ಮೇಲೆ ಸುಮಾರು 250 ಸಾಲುಗಳ ಬರಹವಿದೆ. ಹಾಗಿದ್ದೂ ಆ ಭಾಷೆ ಏಕೆ ಅಳಿಯಿತು? ಊರಿಗೆ ಬಿದ್ದ ಬೆಂಕಿ ಅದನ್ನು ಕೊಲ್ಲಲಿಲ್ಲ. ಶಾಸನಗಳಲ್ಲಿ ಬಹುಪಾಲು ಆ ಬೆಂಕಿಯ ನಂತರದವೇ. ಕ್ರಿ.ಪೂ. 4ನೆಯ ಶತಮಾನದಲ್ಲಿ ಅಲೆಕ್ಸಾಂಡರ್ ಬಂದ ಮೇಲೆ ವ್ಯವಹಾರಕ್ಕೆ, ಅಧಿಕಾರಕ್ಕೆ ಗ್ರೀಕ್ ಅನುಕೂಲವಾಯಿತು. ಜನ ಅಲ್ಲೇ ಇದ್ದರು, ಸುಖವಾಗಿಯೇ ಇದ್ದರು. ಪಟಾರಾ ಊರಿನಲ್ಲಿ ಅವರ ಒಕ್ಕೂಟದ ಸಭಾಭವನವನ್ನು ಇಂದೂ ಕಾಣಬಹುದು. ಸದಸ್ಯರಾಗಿದ್ದ 23 ನಗರಗಳಲ್ಲಿ ದೊಡ್ಡವಕ್ಕೆ ಮೂರು ಮತ, ಮಧ್ಯಮದವಕ್ಕೆ ಎರಡು, ಉಳಿದವಕ್ಕೆ ಒಂದು. ಅಮೆರಿಕದ ಸಂವಿಧಾನದ ಚರ್ಚೆಯಲ್ಲೂ ಉದಾಹರಣೆಯಾದ ಏರ್ಪಾಡು ಇದು. ಆದರೆ ಆ ಒಕ್ಕೂಟ ತನ್ನ ಶಾಸನಗಳನ್ನು ಬರೆಸಿದ್ದು ಗ್ರೀಕಿನಲ್ಲಿ.

ಲಿಸಿಯನ್ ಬರಹಗಳಲ್ಲಿ ಹೆಚ್ಚಿನವು ಗೋರಿಗಳ ಮೇಲಿನವು. ‘ಇದನ್ನು ಇಂಥವನು ತನ್ನ ಹೆಂಡತಿ ಮಕ್ಕಳಿಗಾಗಿ ಕಟ್ಟಿಸಿದ’ ಎಂಬಂಥವು. ಆದ್ದರಿಂದ ಹೆಂಡತಿಗೆ ‘ಲದ’, ಮಗಳಿಗೆ ‘ಕ್ಬತ್ರ’ ಎನ್ನುತ್ತಿದ್ದರೆಂದು ವಿದ್ವಾಂಸರಿಗೆ ಗೊತ್ತು. ಆ ಮಗಳನ್ನು ತೂಗುವಾಗ ತಾಯಿ ಏನು ಹಾಡುತ್ತಿದ್ದಳೋ, ಹಠ ಮಾಡಿದಾಗ ಏನೆಂದು ಗದರುತ್ತಿದ್ದಳೋ, ಯಾರೂ ಕಲ್ಲಿನಲ್ಲಿ ಕೆತ್ತಲಿಲ್ಲ. ನಮಗೆ ಹಲ್ಮಿಡಿಯ ಕಲ್ಲಿದೆ, ಹೆಮ್ಮೆಯೇ ಸರಿ. ಆದರೆ ಕಲ್ಲು ಭಾಷೆಯನ್ನು ನೆನಪಿಡಬಲ್ಲದು, ಆಡಲಾರದು.

ದಾರಿಯ ಕೊನೆಯ ಕಾಶ್ ಪಟ್ಟಣದಲ್ಲಿ ಅಂಗಡಿ ಬೀದಿಯ ನಡುವೆಯೇ ಎತ್ತರದ ಲಿಸಿಯನ್ ಗೋರಿಯೊಂದು ನಿಂತಿದೆ. ಜನ ಅದರ ಪಕ್ಕದಲ್ಲೇ ಐಸ್‌ಕ್ರೀಂ ತಿನ್ನುತ್ತ ಹೋಗುತ್ತಾರೆ.

ತರುಣ ಮಿತ್ರರೆ, ಅವಕಾಶ ಸಿಕ್ಕಿದಾಗ ಹೊರಡಿ. ಒಂಟಿ ಪಯಣಿಗರಿಗೆ ಹಿರಿಯರು ಹೇಳುವ ಬುದ್ಧಿಮಾತನ್ನೇ ನಾನೂ ಹೇಳುತ್ತೇನೆ: ಕತ್ತಲಾಗುವ ಮೊದಲು ತಂಗುವ ಊರು ಸೇರಿ, ರಾತ್ರಿ ಮನೆಗೆ ಫೋನ್ ಮಾಡಿ. ಆಗ ‘ಸೇಫ್ ಆಗಿದ್ದೇನೆ’ ಎಂದಷ್ಟೇ ಹೇಳಿ ಇಟ್ಟುಬಿಡಬೇಡಿ. ಗೋಜ್ಲೆಮೆಯ ರುಚಿ, ಲೆಟೂನ್‌ನ ಕಪ್ಪೆಗಳು, ದೋಲ್ಮುಶ್‌ನಲ್ಲಿ ಪಕ್ಕದಲ್ಲಿ ಕೂತಿದ್ದ ಅಜ್ಜಿ, ಎಲ್ಲವನ್ನೂ ಅಮ್ಮನಿಗೆ ಕನ್ನಡದಲ್ಲೇ ಹೇಳಿ.