ನೀವೂ ಮುಟ್ಟಿ ನೋಡಿ!

ಏಳು ದ್ವೀಪ ಬೆಸೆದ ಮುಂಬೈಗೆ ಹೋದರೆ ಚೌಪಾಟಿಯ ಭೇಲ್ ತಿಂದಷ್ಟಕ್ಕೇ ಹಿಂತಿರುಗಬೇಡಿ ಕಣ್ರೀ. ವರ್ಲಿಯ ನೆಹರೂ ವಿಜ್ಞಾನ ಕೇಂದ್ರಕ್ಕೂ ಮಕ್ಕಳನ್ನು ಕರೆದೊಯ್ಯಿರಿ. 1979ರಲ್ಲಿ ಇದರ ವಿಜ್ಞಾನ ಉದ್ಯಾನ, 1985ರಲ್ಲಿ ಇಡೀ ಕೇಂದ್ರ ತೆರೆಯಿತು. ಮನೆಯಲ್ಲಿ ದಿನವಿಡೀ "ಮುಟ್ಟಬೇಡ" ಅನ್ನುವ ನಾವು ಇಲ್ಲಿ ಸುಮ್ಮನಿರಬೇಕು. ಎಳೆದು, ತಿರುಗಿಸಿಯೇ ಕಲಿಯುವ ಜಾಗ ಇದು.

ನಾನು ಕೂರಲು ಬೆಂಚು ಹುಡುಕುತ್ತಿದ್ದೆ. "ನೀನೂ ಎಳಿಯಮ್ಮ" ಎಂದು ಮಗಳು ರಾಟೆಯ ಹಗ್ಗ ಕೈಗಿತ್ತಳು. ನಮ್ಮ ಬಾವಿಯ ಒಂಟಿ ರಾಟೆ ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ, ಭಾರ ಇಳಿಸುವುದಿಲ್ಲ. ಭಾರದ ಜೊತೆಗೇ ಮೇಲೇರುವ ಇನ್ನೊಂದು ರಾಟೆ ಸೇರಿದರೆ ಸುಮಾರು ಅರ್ಧ ಬಲ ಸಾಕು. ಹಗ್ಗ ಮಾತ್ರ ಎರಡರಷ್ಟು ಎಳೆಯಬೇಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನೀರು ಸೇದಿದ ಕೈಗೆ ಆ ಪಾಠ ತಟ್ಟನೆ ತಿಳಿಯಿತು.

ನೀವೂ ಬೆಂಚು ಹುಡುಕಬೇಡಿ, ಹಗ್ಗ ಹಿಡಿಯಿರಿ.