87ರಿಂದ ಭಾಗಿಸಿದ ಗೂಡ್ಸ್ ಡಬ್ಬಿ

ಗೂಡ್ಸ್ ಗಾಡಿ ಬಂದಾಗ ಪ್ಲಾಟ್‌ಫಾರ್ಮಿನಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಎಕ್ಸ್‌ಪ್ರೆಸ್ ಬಂದರೆ ಬ್ಯಾಗುಗಳು ಹೆಗಲೇರುತ್ತವೆ, ವಂದೇ ಭಾರತ್ ಬಂದರೆ ಮೊಬೈಲುಗಳು ಮೇಲೇಳುತ್ತವೆ. ಗೂಡ್ಸ್ ಬಂದರೆ ಮಾತ್ರ ‘ಇದು ಹೋಗೋ ತನಕ ನಮ್ಮ ಗಾಡಿ ಬಿಡಲ್ಲ’ ಅಂತ ಒಂದು ನಿಟ್ಟುಸಿರು. ಮಾಡೋಕೆ ಕೆಲಸ ಇಲ್ಲದವರು ಡಬ್ಬಿ ಎಣಿಸುತ್ತಾರೆ. ಅದಿರಿನದೋ ಕಲ್ಲಿದ್ದಲಿನದೋ ಆದರೆ ಸಾಮಾನ್ಯವಾಗಿ 58ರ ಹತ್ತಿರ ಬರಬೇಕು. ನಿಮ್ಮ ಲೆಕ್ಕ 40ಕ್ಕೇ ನಿಂತಿತು ಅಂದ್ರೆ ನಡುವೆ ಎಲ್ಲೋ ರೀಲ್ಸ್ ನೋಡಿದ್ದೀರಿ.

ಯಾರೂ ನೋಡದ ಈ ಡಬ್ಬಿಯನ್ನು ನಾವು ಮೂವರು ಒಂದು ಇಡೀ ಸೆಮಿಸ್ಟರ್ ನೋಡಿದ್ದೇವೆ. ಮೆಕ್ಯಾನಿಕಲ್ ಒಬ್ಬ, ಸಿವಿಲ್ ಒಬ್ಬಳು, ಇ ಅಂಡ್ ಸಿ ಒಬ್ಬ. ಕಾರ್ಖಾನೆ ಡ್ರಾಯಿಂಗ್ ಹಾಲ್‌ನ ಕೊನೇ ಬೆಂಚು. ಉತ್ಪಾದನೆ ಈವರೆಗೆ ಒಂದೇ ಒಂದು ಗೂಡ್ಸ್ ಡಬ್ಬಿ, ಉದ್ದ 12.3 ಸೆಂಟಿಮೀಟರ್. ‘ಮೋಟರ್ ಇದೆಯಾ? ಆ್ಯಪ್‌ನಿಂದ ಓಡಿಸಬಹುದಾ? ಸೆನ್ಸರ್?’ ಅಂತ ಕೇಳಿದವರಿಗೆಲ್ಲ ಒಂದೇ ಉತ್ತರ: ಇಲ್ಲ, ಇಲ್ಲ, ಇಲ್ಲ.

ಮೊದಲು ಒಂದು ಪದ ಬಗೆಹರಿಸಿಬಿಡೋಣ. ಕನ್ನಡದಲ್ಲಿ ಬೋಗಿ ಅಂದ್ರೆ ಇಡೀ ಡಬ್ಬಿ. ‘ಎಸ್-4 ಬೋಗಿ ಎಲ್ಲಿ ನಿಲ್ಲುತ್ತೆ?’ ಅಂತಾನೇ ನಾವೆಲ್ಲ ಕೇಳೋದು. ರೈಲ್ವೆಯವರ ಭಾಷೆಯಲ್ಲಿ ಬೋಗಿ ಅಂದ್ರೆ ಡಬ್ಬಿಯ ಕೆಳಗಿನ ನಾಲ್ಕು ಚಕ್ರದ ಚೌಕಟ್ಟು ಮಾತ್ರ. ಒಂದು ಡಬ್ಬಿಗೆ ಎರಡು ಬೋಗಿ. ಎರಡು ವಾರ ನಮ್ಮಲ್ಲೇ ಒಬ್ಬರು ‘ಬೋಗಿ ರೆಡಿ’ ಅಂದಾಗ ಇನ್ನೊಬ್ಬರು ಖುಷಿಪಟ್ಟು ಆಮೇಲೆ ಸಪ್ಪಗಾಗೋದು ನಡೀತಾ ಇತ್ತು. ಈ ಲೇಖನದಲ್ಲಿ ಡಬ್ಬಿ ಅಂದ್ರೆ ಡಬ್ಬಿ, ಬೋಗಿ ಅಂದ್ರೆ ಚಕ್ರದ ಚೌಕಟ್ಟು.

ನಾವು ಆರಿಸಿಕೊಂಡದ್ದು ಬಾಕ್ಸ್-ಎನ್. ಛಾವಣಿ ಇಲ್ಲದ, ಎತ್ತರದ ಗೋಡೆಯ, ಏರ್ ಬ್ರೇಕಿನ ಡಬ್ಬಿ. ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ಕಡೆ ಬೆಳೆದವರಿಗೆ ಇದರ ಪರಿಚಯ ಹೇಳಬೇಕಿಲ್ಲ, ಕೆಂಪು ಧೂಳು ಮೆತ್ತಿಕೊಂಡು ಹೋಗುವ ಆ ಡಬ್ಬಿಯೇ. ಈಗ ಸ್ಟೇನ್‌ಲೆಸ್ ಸ್ಟೀಲಿನ ಹೊಸ ತಳಿ ಬಂದಿದೆ, ಹಳೆಯವು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ. ಎಂಜಿನ್‌ಗಳಾದರೆ ಮ್ಯೂಸಿಯಂ ಸೇರುತ್ತವೆ. ಗೂಡ್ಸ್ ಡಬ್ಬಿಯನ್ನು ಉಳಿಸೋಣ ಅಂತ ಯಾರಾದರೂ ಅರ್ಜಿ ಹಾಕಿದ್ದನ್ನು ನಾವಂತೂ ಕೇಳಿಲ್ಲ.

ಕಪ್ಲರ್‌ನಿಂದ ಕಪ್ಲರ್‌ಗೆ ಅದರ ಉದ್ದ 10,713 ಮಿಲಿಮೀಟರ್. ಎರಡು ಬೋಗಿಗಳ ಕೇಂದ್ರದ ನಡುವೆ 6,524. ಬೋಗಿಯೊಳಗೆ ಅಚ್ಚಿನಿಂದ ಅಚ್ಚಿಗೆ 2,000. ಹೊಸ ಚಕ್ರದ ವ್ಯಾಸ 1,000. ಎಲ್ಲವನ್ನೂ 87ರಿಂದ ಭಾಗಿಸಬೇಕು, ಯಾಕಂದ್ರೆ ಮಾದರಿ ರೈಲಿನವರು ಜಗತ್ತಿನಲ್ಲೇ ಅತಿ ಹೆಚ್ಚು ಬಳಸುವ ಅಳತೆ ಎಚ್‌ಒ, ಅಂದರೆ 1:87. ಬೋಗಿ ಕೇಂದ್ರಗಳ ಲೆಕ್ಕ ಮಾಡಿದಾಗ 74.99 ಮಿಲಿಮೀಟರ್ ಬಂತು. ಸ್ಕೇಲಿನಲ್ಲಿ ಗುಂಡಾಗಿ 75! ಅವತ್ತು ಬೆಂಚಿನಲ್ಲಿ ಹಬ್ಬ.

ಮಿಕ್ಕ ಅಳತೆಗಳನ್ನು ಫೋಟೋದಿಂದ ತೆಗೆದೆವು. ಚಿತ್ರದಲ್ಲಿ ಗೊತ್ತಿರುವ ಒಂದು ಅಳತೆ ಇದ್ದರೆ ಉಳಿದದ್ದೆಲ್ಲ ತ್ರೈರಾಶಿ. ಚಕ್ರವನ್ನೇ ಮಾನದಂಡ ಮಾಡಿಕೊಳ್ಳೋಣ ಅಂತ ಮೊದಲಿಗೆ ಯಾರಿಗಾದರೂ ಅನ್ನಿಸುತ್ತೆ. ಆದರೆ ಚಕ್ರ ಸವೆಯುತ್ತೆ, ಲೇತ್‌ನಲ್ಲಿ ಮತ್ತೆ ಮತ್ತೆ ಕಡೆಯುತ್ತಾರೆ, 906 ಮಿಲಿಮೀಟರಿಗೆ ಇಳಿಯೋ ತನಕ ಓಡಿಸುತ್ತಾರೆ. ಸಾವಿರವೋ ಒಂಬೈನೂರೋ ಗೊತ್ತಿಲ್ಲದ ಚಕ್ರವನ್ನು ನಂಬಿ ಅಳೆದರೆ ಡಬ್ಬಿಯೇ ಹಿಗ್ಗಿಬಿಡುತ್ತೆ. ಬೋಗಿ ಕೇಂದ್ರಗಳು ಸವೆಯುವುದಿಲ್ಲ, ಹಾಗಾಗಿ ಅವನ್ನೇ ಹಿಡಿದೆವು.

ಇಲ್ಲಿಯವರೆಗೆ ಜಗಳ ಇರಲಿಲ್ಲ. ಜಗಳ ಶುರುವಾಗಿದ್ದು ಹಳಿಯ ಅಗಲದಿಂದ.

ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಅಮೆರಿಕ, ಯೂರೋಪಿನ 1,435 ಮಿಲಿಮೀಟರ್ ಹಳಿಯನ್ನು 87ರಿಂದ ಭಾಗಿಸಿದರೆ ಬರೋದು ಅದೇ. ನಮ್ಮ ಬ್ರಾಡ್‌ಗೇಜ್ 1,676. ಭಾಗಿಸಿದರೆ 19.26. ವ್ಯತ್ಯಾಸ ಮೂರು ಮಿಲಿಮೀಟರೂ ಇಲ್ಲ, ಆದರೆ ನಿಜ ಗಾತ್ರದಲ್ಲಿ ಅದು 24 ಸೆಂಟಿಮೀಟರ್. ಅಂಗಡಿಯಲ್ಲಿ ಸಿಗುವ ಹಳಿ, ಚಕ್ರ, ಅಚ್ಚು ಎಲ್ಲವೂ 16.5ಕ್ಕೆ. ಬೆಂಗಳೂರಿನಲ್ಲೋ ಬರ್ಲಿನ್‌ನಲ್ಲೋ ಯಾರದೇ ಮನೆಯ ಎಚ್‌ಒ ಹಳಿಯ ಮೇಲೆ ನಮ್ಮ ಡಬ್ಬಿ ಓಡಬೇಕು ಅಂದ್ರೆ 16.5 ಇಡಬೇಕು. ನಮ್ಮ ಡಬ್ಬಿ ನಮ್ಮ ಡಬ್ಬಿಯ ಹಾಗೆ ಕಾಣಬೇಕು ಅಂದ್ರೆ 19.26.

‘ರೈಲು ಅಂದ್ರೆ ಓಡಬೇಕು ಕಣ್ರೋ, ಓಡದೇ ಇದ್ದರೆ ಅದು ಶೋಕೇಸ್ ಬೊಂಬೆ’ ಅಂತ ಮೆಕ್ಯಾನಿಕಲ್. ‘ಹಿಂದಿನಿಂದ ನೋಡು ಒಂದ್ಸಲ. ಕಾಲು ಅಗಲಿಸಿ ನಿಂತಿರುತ್ತಲ್ಲ, ಅದೇ ಬ್ರಾಡ್‌ಗೇಜ್. ಕಾಲು ಜೋಡಿಸಿ ನಿಲ್ಲಿಸಿದ್ರೆ ಯಾವ ದೇಶದ್ದೋ ಆಗ್ಬಿಡುತ್ತೆ’ ಅಂತ ಸಿವಿಲ್. ಇ ಅಂಡ್ ಸಿ ಎರಡೂ ಕಡೆ ತಲೆ ಆಡಿಸಿ ಚಹಾ ತರಿಸಿದ. ಹತ್ತು ದಿನ ಇದೇ.

ಬ್ರಿಟಿಷರ ಉದಾಹರಣೆ ಎರಡೂ ಪಕ್ಷಕ್ಕೆ ಒದಗಿತು. ಅಲ್ಲಿ ಜನಪ್ರಿಯವಾದ ಒಒ ಅಳತೆಯಲ್ಲಿ ಗಾಡಿ 1:76, ಹಳಿ ಮಾತ್ರ ಅದೇ 16.5. ಅಂದರೆ ದಪ್ಪ ಮೈಯ ಗಾಡಿ ಸಣ್ಣ ಹಳಿಯ ಮೇಲೆ. ತಲೆಮಾರುಗಳಿಂದ ಸಾವಿರಾರು ಜನ ಅದನ್ನೇ ಸಂತೋಷವಾಗಿ ಓಡಿಸುತ್ತಿದ್ದಾರೆ. ಇದು ಮೆಕ್ಯಾನಿಕಲ್ ವಾದ. ಆದರೆ ಅವರಲ್ಲೇ ಒಂದಷ್ಟು ಹಟಮಾರಿಗಳು ಇದನ್ನು ತಡೆಯಲಾರದೆ 18.83 ಮಿಲಿಮೀಟರ್ ಹಳಿಯನ್ನು ತಮ್ಮ ಕೈಯಾರೆ ಹಾಕಿಕೊಂಡರು. ಹೌದು, ಎರಡನೇ ದಶಮಾಂಶದ ತನಕ. ಇದು ಸಿವಿಲ್ ವಾದ.

ಕೊನೆಗೆ ನಾವು 19.26 ಅಂತಲೇ ತೀರ್ಮಾನಿಸಿದೆವು. ವರ್ಕ್‌ಶಾಪ್‌ನ ಲೇತ್‌ನಲ್ಲಿ ಹಿತ್ತಾಳೆ ಸರಳಿನಿಂದ 11.5 ಮಿಲಿಮೀಟರಿನ ಎಂಟು ಚಕ್ರ ಕಡೆದದ್ದು, ಸೋತ ಪಕ್ಷದ ಮೆಕ್ಯಾನಿಕಲ್ಲೇ. ಅದೂ ಎಷ್ಟು ಅಚ್ಚುಕಟ್ಟಾಗಿ ಅಂದ್ರೆ, ಗೆದ್ದವರಿಗೆ ಸ್ವಲ್ಪ ನಾಚಿಕೆಯಾಗುವಷ್ಟು. ಈಗ ಈ ಡಬ್ಬಿ ಸರಿಯಾಗಿ ಕೂರುವ ಹಳಿ ನಮಗೆ ಗೊತ್ತಿದ್ದ ಹಾಗೆ ಒಂದೇ ಕಡೆ ಇದೆ: ನಮ್ಮ ಬೆಂಚಿನ ಮೇಲೆ, ಮೂವತ್ತು ಸೆಂಟಿಮೀಟರ್.

ಈ ಹುಚ್ಚು ನಮ್ಮಿಂದ ಶುರುವಾದದ್ದಲ್ಲ. ಅಮೆರಿಕದಲ್ಲಿ ಮಾದರಿ ರೈಲಿನವರ ರಾಷ್ಟ್ರೀಯ ಸಂಘ 1935ರಷ್ಟು ಹಿಂದೆಯೇ ಹುಟ್ಟಿತು. ಹಳಿ, ಚಕ್ರಗಳಿಗೆಲ್ಲ ಮಾನಕ ಇರಬೇಕು ಅಂತ ಕೂತು ಬರೆದವರು ಅವರು. ಅಲ್ಲಿ ಗೂಡ್ಸ್ ಡಬ್ಬಿ ಮಾತ್ರ ಮಾಡುವವರ ಪಂಗಡವೇ ಬೇರೆ. ಅವರು ‘ಯಾವ ಡಬ್ಬಿ’ ಅನ್ನೋದರ ಜೊತೆಗೆ ‘ಯಾವ ವರ್ಷದ ಡಬ್ಬಿ’ ಅಂತಲೂ ಕೇಳುತ್ತಾರೆ. ಒಂದೇ ಉದಾಹರಣೆ ಸಾಕು. ಏರ್ ಬ್ರೇಕ್ ಬರುವ ಮೊದಲು ಬ್ರೇಕ್‌ಮನ್‌ಗಳು ಓಡುವ ಗಾಡಿಯ ಛಾವಣಿ ಮೇಲೆ ಡಬ್ಬಿಯಿಂದ ಡಬ್ಬಿಗೆ ನಡೆದು ಕೈಯಿಂದ ಬ್ರೇಕ್ ಬಿಗಿಯುತ್ತಿದ್ದರು. ಬಿದ್ದು ಸತ್ತವರಿಗೆ ಲೆಕ್ಕವಿಲ್ಲ. 1893ರ ಕಾನೂನು ಏರ್ ಬ್ರೇಕ್ ಮತ್ತು ತಾನೇ ಕೂಡಿಕೊಳ್ಳುವ ಕಪ್ಲರ್ ಕಡ್ಡಾಯ ಮಾಡಿತು. ಆದರೂ ಛಾವಣಿ ಮೇಲಿನ ಹಲಗೆದಾರಿ ಹೊಸ ಡಬ್ಬಿಗಳಿಂದ ಹೋದದ್ದು 1966ರಲ್ಲಿ. ಆದ್ದರಿಂದ 1950ರ ಗಾಡಿ ಅಂತ ಹೇಳಿ ಹಲಗೆ ಇಲ್ಲದ ಮುಚ್ಚಿದ ಡಬ್ಬಿ ಇಟ್ಟರೆ ಅವರ ಕಣ್ಣಿಗೆ ಅದು ಶಿವಾಜಿ ಪಾತ್ರಧಾರಿಯ ಕೈಯಲ್ಲಿ ವಾಚ್ ಇದ್ದ ಹಾಗೆ.

ಅವರ ಬೋಗಿಗಳನ್ನೇ ತಂದು ಹಾಕಬಹುದಿತ್ತು. ನಮ್ಮ ಬಾಕ್ಸ್-ಎನ್‌ನ ಕ್ಯಾಸ್ನಬ್ ಬೋಗಿ ಅಮೆರಿಕದ ಎರಕದ ಬೋಗಿಯ ಜಾತಿಯದೇ: ಎರಡು ಪಕ್ಕದ ಚೌಕಟ್ಟು, ನಡುವೆ ಒಂದು ಅಡ್ಡತೊಲೆ, ಅಷ್ಟೇ. ಆದರೆ ಅವರ ನೂರು ಟನ್ನಿನ ಬೋಗಿಯಲ್ಲಿ ಅಚ್ಚಿನಿಂದ ಅಚ್ಚಿಗೆ 5 ಅಡಿ 10 ಇಂಚು, ಮಾದರಿಯಲ್ಲಿ 20.4 ಮಿಲಿಮೀಟರ್. ನಮ್ಮದು 23. ಹಳಿ ವಿಷಯದಲ್ಲಿ ಅಷ್ಟು ಜಗಳ ಆದಮೇಲೆ ಈ ಎರಡೂವರೆ ಮಿಲಿಮೀಟರ್ ಬಿಟ್ಟುಕೊಡಲು ಯಾರೂ ತಯಾರಿರಲಿಲ್ಲ. ರೆಸಿನ್ ಪ್ರಿಂಟರ್‌ನಲ್ಲಿ ಸ್ವಂತದ್ದೇ ಮಾಡಿದೆವು.

ಮೈಗೆ ಬಳಸಿದ್ದು ಹಳೇ ಐಡಿ ಕಾರ್ಡುಗಳು. ಅವಧಿ ಮುಗಿದ ಎಟಿಎಂ ಕಾರ್ಡೂ ಆಗುತ್ತೆ. ದಪ್ಪ 0.76 ಮಿಲಿಮೀಟರ್, ಬ್ಲೇಡಿನಲ್ಲಿ ಗೀರಿ ಮುರಿದರೆ ನೇರವಾಗಿ ಮುರಿಯುತ್ತೆ, ಪುಕ್ಕಟೆ. ಕಾರ್ಡು 85.6 ಮಿಲಿಮೀಟರ್ ಉದ್ದ, ಡಬ್ಬಿಯ ಗೋಡೆ 112 ಮಿಲಿಮೀಟರ್, ಹಾಗಾಗಿ ಒಂದು ಜೋಡಣೆ ಬರುತ್ತೆ. ಅದನ್ನು ಗೋಡೆಯ ಹೊರಗಿನ ಒಂದು ಕಂಬದ ಹಿಂದೆ ಬಚ್ಚಿಟ್ಟಿದ್ದೇವೆ. ತೊಂದರೆ ದಪ್ಪದ್ದು. 0.76 ಅನ್ನು 87ರಿಂದ ಗುಣಿಸಿದರೆ 66 ಮಿಲಿಮೀಟರ್: ಸ್ಟೀಲ್ ಹಾಳೆಯ ಜಾಗದಲ್ಲಿ ಹೆಚ್ಚುಕಡಿಮೆ ಇಟ್ಟಿಗೆ ಗೋಡೆ. ಪೂರ್ತಿ ತೆಳ್ಳಗೆ ಮಾಡಿದರೆ ಸೊಟ್ಟಗಾಗುತ್ತೆ. ಹಾಗಾಗಿ ಕಣ್ಣಿಗೆ ಬೀಳುವ ಮೇಲಂಚನ್ನು ಮಾತ್ರ ಒಳಗಿನಿಂದ ಓರೆಯಾಗಿ ಉಜ್ಜಿ 0.2ಕ್ಕೆ ಇಳಿಸಿದೆವು. ಅಂಚು ತೆಳ್ಳಗಿದ್ದರೆ ಇಡೀ ಗೋಡೆ ತೆಳ್ಳಗಿದೆ ಅಂತ ಕಣ್ಣು ನಂಬುತ್ತೆ. ಹಿಡಿಕಂಬಿಗಳಿಗೆ ಲ್ಯಾಬಿನ ಹುಕ್‌ಅಪ್ ವೈರ್ ಬಿಚ್ಚಿದೆವು. ಏಳು ಎಳೆ, ಒಂದೊಂದೂ 0.2 ಮಿಲಿಮೀಟರ್, ನಿಜ ಗಾತ್ರದಲ್ಲಿ 17ರ ಸರಳು. ಇ ಅಂಡ್ ಸಿಯ ಕೊಡುಗೆ ಚಹಾ ಒಂದೇ ಅಲ್ಲ ಅಂತ ಇಲ್ಲಿ ದಾಖಲಿಸಬೇಕಾಗಿ ಅವನ ಕೋರಿಕೆ.

ಇಷ್ಟರಲ್ಲಿ ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೋಡಿನ ಲೆಕ್ಕ. ಮಾದರಿ ಡಬ್ಬಿಯಲ್ಲಿ ಅದಿರು ಅಂದ್ರೆ ಸಾಮಾನ್ಯವಾಗಿ ಅಂಚಿನ ತನಕ ತುಂಬಿಸಿಬಿಡುತ್ತಾರೆ. ಬಾಕ್ಸ್-ಎನ್ ಹೊರುವುದು ಸುಮಾರು 58.8 ಟನ್, ಒಳಗಿನ ಜಾಗ 56 ಘನ ಮೀಟರ್. ಕಲ್ಲಿದ್ದಲು ಹಗುರ, ಅದು ತುಂಬಿ ಗೋಪುರವಾಗಬಹುದು. ಕಬ್ಬಿಣದ ಅದಿರು ಒಂದು ಘನ ಮೀಟರಿಗೆ ಎರಡೂವರೆ ಟನ್ ಅಂತ ಹಿಡಿದರೂ 24 ಘನ ಮೀಟರಿಗೇ ತೂಕ ಮುಗಿಯಿತು. ಅರ್ಧ ಡಬ್ಬಿಯೂ ತುಂಬಲ್ಲ! ರಸ್ತೆ ಮೇಲ್ಸೇತುವೆಯಿಂದ ಅದಿರಿನ ಗಾಡಿ ನೋಡಿದವರಿಗೆ ಗೊತ್ತು, ಮೇಲಿನಿಂದ ಅದು ಖಾಲಿ ಡಬ್ಬಿಯಂತೆಯೇ ಕಾಣುತ್ತೆ, ಬಗ್ಗಿ ನೋಡಿದರೆ ತಳದಲ್ಲಿ ಕೆಂಪು ಗುಡ್ಡೆ.

ಇನ್ನು ತೂಕ. ಉದ್ದ 87ರಿಂದ ಭಾಗವಾದರೆ ತೂಕ 87ರ ಘನದಿಂದ, ಅಂದರೆ ಆರೂವರೆ ಲಕ್ಷದಿಂದ ಭಾಗವಾಗಬೇಕು. 22.47 ಟನ್ನಿನ ಖಾಲಿ ಡಬ್ಬಿ 34 ಗ್ರಾಂ. ನಮ್ಮದು 31 ಬಂತು, ಮೂರು ಗ್ರಾಂ ಬೆಸುಗೆ ತಂತಿಯನ್ನು ತಳದಡಿ ಅಂಟಿಸಿದೆವು. ಅಮೆರಿಕದ ಸಂಘದ ಶಿಫಾರಸು ಬೇರೆ: ಒಂದು ಔನ್ಸ್, ಜೊತೆಗೆ ಪ್ರತಿ ಇಂಚು ಉದ್ದಕ್ಕೆ ಅರ್ಧ ಔನ್ಸ್. ನಮ್ಮ ಡಬ್ಬಿಗೆ ಅದು 97 ಗ್ರಾಂ ಆಗುತ್ತೆ, ತಿರುವಿನಲ್ಲಿ ಹಳಿ ತಪ್ಪದಿರಲಿ ಅಂತ. ಲೋಡಾದ ನಿಜವಾದ ಡಬ್ಬಿ 81.28 ಟನ್, ಮಾದರಿಯಲ್ಲಿ 123 ಗ್ರಾಂ. ಸಂಡೂರು ರಸ್ತೆಯ ಬದಿಯಿಂದ ತಂದ ಒಂದು ಹಿಡಿ ಅದಿರಿನ ಪುಡಿಯನ್ನು ಚಹಾ ಸೋಸುವ ಜಾಲರಿಯಲ್ಲಿ ಹಿಡಿದು, 89 ಗ್ರಾಂ ತೂಗಿ, ಎರಡು ಬೋಗಿಗಳ ಮೇಲೆ ಎರಡು ಗುಡ್ಡೆಯಾಗಿ ಸುರಿದೆವು. ಗೋಡೆಯ ಅರ್ಧಕ್ಕಿಂತ ಕೆಳಗೇ ನಿಂತಿತು. ಅದಿರಿಗೆ ಅದಿರನ್ನೇ ಹಾಕಿದರೆ ಹಾಗೆ ಆಗಲೇಬೇಕು ಅಂತ ಸೂತ್ರ ಹೇಳುತ್ತೆ. ಆದರೂ ತಕ್ಕಡಿಯ ಮುಂದೆ ಮೂವರೂ ಬಾಯಿ ಬಿಟ್ಟುಕೊಂಡು ನಿಂತಿದ್ದೆವು.

ನಮ್ಮಲ್ಲೊಬ್ಬರ ಮಾವ ರೈಲ್ವೆಯಲ್ಲಿ ವ್ಯಾಗನ್ ಪರೀಕ್ಷೆ ಮಾಡುವವರು. ಒಂದು ಭಾನುವಾರ ಅವರಿಗೆ ತೋರಿಸಿದೆವು. ಬಣ್ಣ ನೋಡಲಿಲ್ಲ, ಲೋಡ್ ನೋಡಲಿಲ್ಲ. ಕನ್ನಡಕ ಹಣೆಗೇರಿಸಿ, ಡಬ್ಬಿ ಕಣ್ಣಿನ ಮಟ್ಟಕ್ಕೆ ಹಿಡಿದು ಕೆಳಗಿನಿಂದ ನೋಡೋಕೆ ಶುರು ಮಾಡಿದರು. ಸ್ಪ್ರಿಂಗು, ಬ್ರೇಕ್ ಬ್ಲಾಕು, 4 ಮಿಲಿಮೀಟರಿನ ಬ್ರೇಕ್ ಸಿಲಿಂಡರು, ಏರ್ ಟ್ಯಾಂಕು.

‘ಎಂಪ್ಟಿ-ಲೋಡ್ ಹ್ಯಾಂಡಲ್ ಎಲ್ಲೈತಿ?’

‘ಇನ್ನ ಅಂಟಿಸಿಲ್ರೀ ಮಾವಾ.’

‘ಒಳಗ ಮಾಲ್ ಐತಲ್ಲ, ಲೋಡ್ ಕಡೆ ತಿರುಗಿಸಿ ಅಂಟಸ್ರಿ. ಎಂಪ್ಟಿ ಕಡೆ ಇದ್ರ ಬ್ರೇಕ್ ಸಾಲಂಗಿಲ್ಲ.’

‘ಇದು ಓಡಂಗೇ ಇಲ್ರೀ.’

‘ಓಡಲಿ ಬಿಡಲಿ. ಲೋಡ್ ಐತಿಲ್ಲೋ?’

ಆ ಹ್ಯಾಂಡಲ್ ಎರಡು ಮಿಲಿಮೀಟರ್ ಇಲ್ಲ. ಅವರು ತೋರಿಸಿದ ಕಡೆಗೇ ತಿರುಗಿಸಿ ಅಂಟಿಸಿದೆವು. ಹೋಗುವಾಗ ಗೋಡೆಯ ಮೇಲೆ ಬೆರಳಾಡಿಸಿ, ‘ಇಷ್ಟು ನೆಟ್ಟಗ ಇರಂಗಿಲ್ಲ ಬಿಡ್ರಿ’ ಅಂದರು. ನಿಜ, ಇಳಿಸುವಾಗ ಯಂತ್ರದ ಬಕೆಟ್ ಬಡಿದು ಬಡಿದು ಹಳೇ ಡಬ್ಬಿಗಳ ಗೋಡೆ ಹೊರಗೆ ಉಬ್ಬಿರುತ್ತೆ. ಸೋಲ್ಡರಿಂಗ್ ಐರನ್ನನ್ನು ಹತ್ತಿರ ಹಿಡಿದು, ಚಮಚದ ಬೆನ್ನಿನಿಂದ ಒಳಗಿನಿಂದ ಒತ್ತಿ ಎರಡು ಕಡೆ ಉಬ್ಬಿಸಿದೆವು. ಆರು ವಾರ ನೇರ ಮಾಡಿದ್ದನ್ನು ಹಾಗೆ ಒತ್ತುವಾಗ ಯಾರ ಕೈಯೂ ಮುಂದೆ ಬರಲಿಲ್ಲ, ಚೀಟಿ ಎತ್ತಬೇಕಾಯಿತು.

ತುಕ್ಕಿಗೆ ರಂಗೋಲಿ ಅಂಚಿಗೆ ಹಾಕುವ ಕೆಮ್ಮಣ್ಣು. ಅಂಗಡಿಯ ವೆದರಿಂಗ್ ಪೌಡರ್ ಡಬ್ಬಿಯ ಬೆಲೆಗೆ ಇದು ಕಿಲೋಗಟ್ಟಲೆ ಬರುತ್ತೆ, ಬಣ್ಣವೂ ಅದಕ್ಕಿಂತ ನಿಜ.

ಕೊನೆಗೆ ಉಳಿದದ್ದು ನಂಬರ್. ವ್ಯಾಗನ್ ಮೇಲೆ 11 ಅಂಕೆ ಇರುತ್ತೆ: ಮೊದಲೆರಡು ಡಬ್ಬಿಯ ಬಗೆ, ಮುಂದಿನೆರಡು ಯಾವ ವಲಯದ್ದು, ಆಮೇಲೆರಡು ತಯಾರಾದ ವರ್ಷ, ನಾಲ್ಕು ಅದರದೇ ಸಂಖ್ಯೆ, ಕೊನೆಯದು ಚೆಕ್ ಡಿಜಿಟ್. ನಾವು ಆರಿಸಿಕೊಂಡ ಡಬ್ಬಿಯ ಫೋಟೋದಲ್ಲಿ 1002922853 ತನಕ ಓದೋಕೆ ಆಗುತ್ತಿತ್ತು, ಹನ್ನೊಂದನೆಯದನ್ನು ತುಕ್ಕು ತಿಂದಿತ್ತು. ಸಮಸ್ಥಾನದ ಅಂಕೆಗಳನ್ನು ಕೂಡಿಸಿ: 0, 2, 2, 8, 3, ಒಟ್ಟು 15. ಮೂರರಿಂದ ಗುಣಿಸಿ, 45. ಬೆಸಸ್ಥಾನದವು 1, 0, 9, 2, 5, ಒಟ್ಟು 17. ಎರಡೂ ಸೇರಿ 62. ಮುಂದಿನ ಹತ್ತರ ಗುಣಕ 70ಕ್ಕೆ ಎಷ್ಟು ಬೇಕೋ ಅದೇ ಕೊನೆಯ ಅಂಕೆ. ಬಿಸ್ಕತ್ ಪೊಟ್ಟಣದ ಬಾರ್‌ಕೋಡಿಗೂ ಇದೇ ಉಪಾಯ.

ಎಂಟು. ಫೋಟೋ ಹಿಗ್ಗಿಸಿ ನೋಡಿದರೆ ತುಕ್ಕಿನ ಕೆಳಗಂಚಿನಲ್ಲಿ ಬಿಳಿಯ ಒಂದು ಸಣ್ಣ ಬಳುಕು ಇಣುಕುತ್ತಿತ್ತು, ಎಂಟರ ಹೊಟ್ಟೆಯೇ ಇರಬೇಕು. ಮೂರು ಕೂದಲಿನ ಬ್ರಷ್‌ನಲ್ಲಿ ಬಿಳಿ ಬಣ್ಣದಿಂದ ಪೂರ್ತಿ ಎಂಟನ್ನು ಬರೆದೆವು. ಒಣಗಲು ಒಂದು ರಾತ್ರಿ ಬಿಟ್ಟು, ಮರುದಿನ ಅದರ ಮೇಲೆ, ಫೋಟೋದಲ್ಲಿ ಇದ್ದಷ್ಟೇ ಜಾಗಕ್ಕೆ, ಕೆಮ್ಮಣ್ಣು ಮೆತ್ತಿದೆವು.